ಎರಡೇ ಎಪಿಸೋಡಿಗೆ ಬಿಟ್ಟುಬಿಡುವವರಿಗೆ: ದೊಡ್ಡ ಸೀರೀಸ್ ಒಂದನ್ನು ಸವಿದು ನೋಡುವುದು ಹೇಗೆ?

"ಎಲ್ಲರೂ ಸೂಪರ್ ಅಂತಾರೆ. ನನಗೆ ಎರಡನೇ ಎಪಿಸೋಡಿಗೇ ಆಕಳಿಕೆ ಬಂತು. ತಪ್ಪು ನನ್ನದಾ, ಸೀರೀಸ್‌ದಾ?"

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ನನಗೆ ಬರುತ್ತಲೇ ಇರುತ್ತದೆ. ಇದರ ಅಕ್ಕತಂಗಿಯರೂ ಇದ್ದಾರೆ. ಎಷ್ಟು ಎಪಿಸೋಡ್ ನೋಡಿ ಕೈಬಿಡಬಹುದು? ಒಂದೇ ವಾರಾಂತ್ಯದಲ್ಲಿ ಮುಗಿಸಿದರೆ ಏನು ತೊಂದರೆ? ಕೊನೆ ಗೊತ್ತಾಗಿ ಹೋಯ್ತು, ಇನ್ನು ನೋಡಿ ಏನು ಮಾಡಲಿ? ಒಬ್ಬೊಬ್ಬರಿಗೂ ಬೇರೆಯಾಗಿ ಉತ್ತರ ಬರೆದು ಸಾಕಾಯ್ತು. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಧಾರಾವಾಹಿ ಅಂದರೆ ಪ್ರಶ್ನೆ ಎಬ್ಬಿಸಿ ಕಾಯಿಸುವ ಕೆಲಸ. ಈಗ ಯಾವ ಪ್ರಶ್ನೆಗೆ ನಾವು ಕಾಯುತ್ತಿದ್ದೇವೆ, ಉತ್ತರ ಇವತ್ತೇ ಬರಬೇಕಾ ಅಥವಾ ಮೂರು ತಿಂಗಳಾದ ಮೇಲಾ ಅನ್ನೋದು ಗೊತ್ತಿದ್ದರೆ ನಿಧಾನದ ಎಪಿಸೋಡೂ ರುಚಿಸುತ್ತದೆ. ಗೊತ್ತಿಲ್ಲದಿದ್ದರೆ ಗುಂಡು ಹಾರುವ ಎಪಿಸೋಡಿನಲ್ಲೂ ಕೈ ಫೋನಿನ ಕಡೆ ಹೋಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಪ್ರಶ್ನೆಗಳನ್ನು ಹಿಡಿಯುವುದಕ್ಕೇ ಇರೋದು.

ಉದಾಹರಣೆಗೆ ಒಂದೇ ಸರಣಿ ಇಟ್ಟುಕೊಂಡಿದ್ದೇನೆ, ಬ್ರೇಕಿಂಗ್ ಬ್ಯಾಡ್. ಅಮೆರಿಕದ ಎಎಂಸಿ ಚಾನೆಲ್‌ನಲ್ಲಿ 2008ರ ಜನವರಿಯಿಂದ 2013ರ ಸೆಪ್ಟೆಂಬರ್‌ವರೆಗೆ ಬಂತು. 5 ಸೀಸನ್, 62 ಎಪಿಸೋಡ್. ನೀವು ಅರ್ಧಕ್ಕೆ ಬಿಟ್ಟ ಸೀರೀಸ್‌ಗಳ ಪಟ್ಟಿಯಲ್ಲಿ ಇದು ಇದ್ದರೂ ಇರಬಹುದು. ಮೊದಲ ಸಲ ನಾನೂ ಬಿಟ್ಟಿದ್ದೆ.

ಎಚ್ಚರಿಕೆ: ಮೊದಲ ಮೂರು ಎಪಿಸೋಡುಗಳ ಕಥೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಮುಂದಿನವುಗಳಿಂದ ಕೆಲವು ವಸ್ತು, ಕೆಲವು ದೃಶ್ಯ ಮಾತ್ರ. ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಅಂತ ಹೇಳುವುದಿಲ್ಲ.

ಏನೇನು ಬೇಕು?

ಒಂದು ಚಿಕ್ಕ ನೋಟ್‌ಬುಕ್, ಪೆನ್ನು. ಮಧ್ಯೆ ಎದ್ದು ಹೋಗದ ಒಂದು ಗಂಟೆ. ಆನ್ ಮಾಡಿದ ಸಬ್‌ಟೈಟಲ್. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಸಬ್‌ಟೈಟಲ್ ಇರಲಿ, ಪಿಸುಮಾತುಗಳು ತಪ್ಪಿಹೋಗುತ್ತವೆ. ಫೋನ್ ಬೇರೆ ಕೋಣೆಯಲ್ಲಿರಲಿ. ಈ ಕೊನೆಯದಕ್ಕೆ ಎಲ್ಲರೂ ಹೂಂ ಅಂತಾರೆ, ಯಾರೂ ಮಾಡುವುದಿಲ್ಲ.

ಹಂತ 1: ಇದು ಯಾವ ಜಾತಿಯ ಕಥೆ ಅಂತ ಗೊತ್ತು ಮಾಡಿಕೊಳ್ಳಿ

ದೋಸೆ ತಿನ್ನುವ ಹಾಗೆ ಮುದ್ದೆ ತಿನ್ನೋಕಾಗಲ್ಲ. ಸೀರೀಸ್‌ಗಳೂ ಹಾಗೆಯೇ.

ನಮ್ಮ ಕನ್ನಡ ಚಾನೆಲ್‌ಗಳ ದಿನದ ಧಾರಾವಾಹಿ ಅರ್ಧ ಗಂಟೆಯ ಸ್ಲಾಟಿನಲ್ಲಿ ಬರುತ್ತದೆ. ಜಾಹೀರಾತು ಕಳೆದರೆ ಇಪ್ಪತ್ತು ನಿಮಿಷದ ಆಸುಪಾಸು. ಎಷ್ಟು ಸಂಚಿಕೆಗೆ ಮುಗಿಯುತ್ತದೆ ಅಂತ ಶುರು ಮಾಡಿದವರಿಗೂ ಗೊತ್ತಿರುವುದಿಲ್ಲ. ಗುರುವಾರ ಬರುವ ಟಿಆರ್‌ಪಿ ನೋಡಿಕೊಂಡು ಒಂದು ಟ್ರ್ಯಾಕ್ ಬೆಳೆಯುತ್ತದೆ, ಇನ್ನೊಂದು ಸದ್ದಿಲ್ಲದೆ ಮಾಯವಾಗುತ್ತದೆ. ಟ್ರ್ಯಾಕ್ ಅಂದರೆ ಮುಖ್ಯ ಕಥೆಯ ಒಳಗೆ ಓಡುವ ಉಪಕಥೆ. ಅತ್ತೆಯ ಮುಖ ಮೂರು ಸಲ ತೋರಿಸುತ್ತಾರೆ, ನಡೆದದ್ದನ್ನೇ ಇನ್ನೊಬ್ಬರ ಬಾಯಲ್ಲಿ ಮತ್ತೆ ಹೇಳಿಸುತ್ತಾರೆ ಅಂತ ನಗುತ್ತೇವಲ್ಲ, ಅದಕ್ಕೂ ಕಾರಣ ಇದೆ. ಅದು ಒಗ್ಗರಣೆ ಹಾಕುತ್ತಾ, ಮಗುವಿಗೆ ಊಟ ಮಾಡಿಸುತ್ತಾ ಅರ್ಧ ಕಿವಿ ಕೊಟ್ಟು ನೋಡುವವರಿಗೆ ಕಟ್ಟಿದ ಕಥೆ. ನಡುವೆ ನಾಲ್ಕು ದಿನ ತಪ್ಪಿದರೂ ಐದನೇ ದಿನ ಕಥೆ ಸಿಗಬೇಕು.

ಎರಡನೇ ಜಾತಿ, ದಿನದ ಕಥೆ ದಿನಕ್ಕೇ ಮುಗಿಯುವುದು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ಮಾಲ್ಗುಡಿ ಡೇಸ್‌ನಲ್ಲಿ ಬಹುತೇಕ ಹೀಗೇ ಇತ್ತು, ಸ್ವಾಮಿಯ ಕಥೆಯಂಥ ಕೆಲವು ಮಾತ್ರ ಹಲವು ಕಂತು ಹರಿದವು.

ಮೂರನೆಯದು ಬ್ರೇಕಿಂಗ್ ಬ್ಯಾಡ್ ಜಾತಿಯದು. ಸೀಸನ್‌ಗೆ ಹತ್ತು ಹದಿಮೂರು ಎಪಿಸೋಡ್, ಪ್ರತಿಯೊಂದೂ ಹಿಂದಿನದಕ್ಕೆ ಗಂಟು ಹಾಕಿಕೊಂಡಿರುತ್ತದೆ. ಇಲ್ಲಿ ಒಂದು ಮಾತನ್ನು ಎರಡು ಸಲ ಹೇಳುವುದಿಲ್ಲ. ಕೆಲವು ಸಲ ಒಂದು ಸಲವೂ ಹೇಳುವುದಿಲ್ಲ, ಸುಮ್ನೆ ತೋರಿಸುತ್ತಾರೆ.

ಸಾಮಾನ್ಯ ತಪ್ಪು: ಮೂರನೇ ಜಾತಿಯದನ್ನು ಮೊದಲನೆಯದರ ಹಾಗೆ ನೋಡುವುದು, ಅಂದರೆ ಬಟ್ಟೆ ಮಡಚುತ್ತಾ. ನನಗೆ ಬಂದಿರುವ "ಬೋರ್ ಆಯ್ತು" ದೂರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಂದಲೇ ಹುಟ್ಟಿದವು ಅಂತ ನನ್ನ ಅನುಮಾನ. ಇದರ ಉಲ್ಟಾ ತಪ್ಪೂ ಇದೆ. ಸಂಜೆಯ ಧಾರಾವಾಹಿಯನ್ನು ನೋಟ್‌ಬುಕ್ ಹಿಡಿದು ನೋಡಿ ತರ್ಕ ಹುಡುಕುವುದು. ಅದೂ ಅನ್ಯಾಯವೇ.

ಹಂತ 2: ಮೊದಲ ಐದು ನಿಮಿಷ ನೋಡಿ, ನಿಲ್ಲಿಸಿ, ಬರೆಯಿರಿ

ಮೊದಲ ಎಪಿಸೋಡನ್ನು ಪೈಲಟ್ ಅನ್ನುತ್ತಾರೆ. ಚಾನೆಲ್‌ನವರಿಗೆ ತೋರಿಸಿ ಒಪ್ಪಿಗೆ ಪಡೆಯುವ ನಮೂನೆ ಎಪಿಸೋಡ್. ಇಡೀ ಸರಣಿಯ ಬೀಜ ಅದರಲ್ಲೇ ಇರುತ್ತದೆ.

ಬ್ರೇಕಿಂಗ್ ಬ್ಯಾಡ್ ಶುರುವಾಗುವುದು ಒಂದು ಪ್ಯಾಂಟಿನಿಂದ. ನ್ಯೂ ಮೆಕ್ಸಿಕೋದ ಮರುಭೂಮಿ, ನೀಲಿ ಆಕಾಶ, ಗಾಳಿಯಲ್ಲಿ ತೇಲಿ ಬಂದ ಪ್ಯಾಂಟ್ ಮಣ್ಣಿನ ದಾರಿಗೆ ಬೀಳುತ್ತದೆ. ಅದರ ಮೇಲೆ ಒಂದು ಹಳೆಯ ವ್ಯಾನ್ ಹರಿದುಹೋಗುತ್ತದೆ. ಮನೆಯಂತೆ ಮಲಗುವ ಜಾಗ, ಅಡುಗೆ ಜಾಗ ಇರುವಂಥ ದೊಡ್ಡ ವ್ಯಾನ್. ಓಡಿಸುತ್ತಿರುವವನ ಮೈಮೇಲೆ ಒಳಚಡ್ಡಿ, ಮುಖಕ್ಕೆ ಗ್ಯಾಸ್ ಮಾಸ್ಕ್. ಪಕ್ಕದಲ್ಲಿ ಒಬ್ಬ ಎಚ್ಚರ ತಪ್ಪಿ ಬಿದ್ದಿದ್ದಾನೆ, ಹಿಂದೆ ಎರಡು ದೇಹಗಳು ಜಾರಾಡುತ್ತಿವೆ. ವ್ಯಾನ್ ಹಳ್ಳಕ್ಕೆ ಇಳಿಯುತ್ತದೆ. ಅವನು ಹೊರಗೆ ಬಂದು, ಅಂಗಿ ಹಾಕಿಕೊಂಡು, ವಿಡಿಯೊ ಕ್ಯಾಮೆರಾ ಮುಂದೆ ತನ್ನ ಹೆಸರು, ವಿಳಾಸ ಹೇಳಿ ಮನೆಯವರಿಗೆ ವಿದಾಯದ ಮಾತಾಡುತ್ತಾನೆ. ಸೈರನ್ ಹತ್ತಿರ ಬರುತ್ತಿದೆ. ಚಡ್ಡಿಯಲ್ಲೇ ರಸ್ತೆ ಮಧ್ಯೆ ಪಿಸ್ತೂಲು ಹಿಡಿದು ನಿಲ್ಲುತ್ತಾನೆ. ಟೈಟಲ್.

ಇಲ್ಲಿ ನಿಲ್ಲಿಸಿ. ನಿಮ್ಮ ತಲೆಯಲ್ಲಿ ಎದ್ದ ಪ್ರಶ್ನೆಗಳನ್ನೆಲ್ಲ ಬರೆಯಿರಿ. ಪ್ಯಾಂಟ್ ಯಾಕೆ ಬಿಚ್ಚಿದ? ಆ ದೇಹಗಳು ಯಾರವು? ಸೈರನ್ ಪೊಲೀಸರದಾ? ಈ ಸಣ್ಣ ಪ್ರಶ್ನೆಗಳಿಗೆಲ್ಲ ಅದೇ ಎಪಿಸೋಡಿನ ಕೊನೆಗೆ ಉತ್ತರ ಸಿಗುತ್ತದೆ. ಸಿಕ್ಕಿದ್ದಕ್ಕೆ ಟಿಕ್ ಹಾಕಿ.

ಟಿಕ್ ಬೀಳದ ಒಂದು ಪ್ರಶ್ನೆ ಉಳಿಯುತ್ತದೆ. ಹೆಸರು, ವಿಳಾಸ ಅವನೇ ಹೇಳಿದ. ಆಮೇಲಿನ ದೃಶ್ಯಗಳಲ್ಲಿ ಎಲ್ಲವೂ ಗೊತ್ತಾಗುತ್ತದೆ: ವಾಲ್ಟರ್ ವೈಟ್, 50 ತುಂಬಿದ ಹೈಸ್ಕೂಲ್ ಕೆಮಿಸ್ಟ್ರಿ ಮೇಷ್ಟ್ರು, ಸಂಜೆ ಕಾರು ತೊಳೆಯುವ ಅಂಗಡಿಯಲ್ಲಿ ಕೆಲಸ, ಬಸುರಿ ಹೆಂಡತಿ, ಶ್ವಾಸಕೋಶದ ಕ್ಯಾನ್ಸರ್. ಇಷ್ಟೆಲ್ಲ ಗೊತ್ತಾದ ಮೇಲೂ ಇವನು ಯಾರು ಅನ್ನೋದು ಗೊತ್ತಾಗುವುದಿಲ್ಲ. ಪೈಲಟ್‌ನ ಕೊನೆಯ ದೃಶ್ಯದಲ್ಲಿ ಅವನ ಹೆಂಡತಿಯೇ ಕತ್ತಲಲ್ಲಿ ಬೆರಗಾಗಿ ಇದು ನೀನೇನಾ ಅನ್ನುವ ಅರ್ಥದ ಮಾತು ಕೇಳುತ್ತಾಳೆ. ಮುಂದಿನ 61 ಎಪಿಸೋಡುಗಳು ಕೇಳುವುದೂ ಅದನ್ನೇ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಅದನ್ನು ದೊಡ್ಡದಾಗಿ ಬರೆಯಿರಿ.

ಬೇರೆ ಸೀರೀಸ್ ನೋಡುವಾಗಲೂ ಹೀಗೇ ಮಾಡಿ. ಪೈಲಟ್ ಮುಗಿದ ಮೇಲೂ ಟಿಕ್ ಬೀಳದ ಪ್ರಶ್ನೆ ಒಂದೂ ಇಲ್ಲದಿದ್ದರೆ ಆ ಸೀರೀಸ್‌ಗೆ ನಿಮ್ಮನ್ನು ಕಾಯಿಸುವ ಶಕ್ತಿ ಕಮ್ಮಿ ಅಂತ ಅರ್ಥ.

ಹಂತ 3: ಪ್ರಶ್ನೆಗಳನ್ನು ನಾಲ್ಕು ಅಟ್ಟಕ್ಕೆ ಹಂಚಿ

ಈ ಹಂತ ಸರಿಯಾಗಿ ಹಿಡಿದರೆ ಉಳಿದವು ಸಲೀಸು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಳ್ಳೆಯ ಸರಣಿಯಲ್ಲಿ ಒಂದೇ ಹೊತ್ತಿಗೆ ನಾಲ್ಕು ಪ್ರಶ್ನೆ ಓಡುತ್ತಿರುತ್ತವೆ. ದೃಶ್ಯದ ಪ್ರಶ್ನೆ, ಇದಕ್ಕೆ ಎರಡು ಮೂರು ನಿಮಿಷದಲ್ಲಿ ಉತ್ತರ. ಎಪಿಸೋಡಿನ ಪ್ರಶ್ನೆ, ಇದಕ್ಕೆ ಒಂದು ಗಂಟೆಯೊಳಗೆ. ಸೀಸನ್ನಿನ ಪ್ರಶ್ನೆ. ಕೊನೆಗೆ ಇಡೀ ಸರಣಿಯದು.

ಮೂರನೇ ಎಪಿಸೋಡ್ ತೆಗೆದುಕೊಳ್ಳಿ. ಗುಟ್ಟಾಗಿ ಡ್ರಗ್ಸ್ ತಯಾರಿಸಲು ಇಳಿದ ವಾಲ್ಟ್ ಮತ್ತು ಅವನ ಹಳೆಯ ವಿದ್ಯಾರ್ಥಿ ಜೆಸ್ಸಿ ಸೇರಿ ಒಬ್ಬ ಡ್ರಗ್ಸ್ ವ್ಯಾಪಾರಿಯನ್ನು ನೆಲಮಾಳಿಗೆಯ ಕಂಬಕ್ಕೆ ಕಟ್ಟಿದ್ದಾರೆ. ಕುತ್ತಿಗೆಗೆ ಸೈಕಲ್ ಲಾಕ್. ಬಿಟ್ಟರೆ ಅವನು ವಾಲ್ಟ್‌ನ ಮನೆಯವರನ್ನೆಲ್ಲ ಕೊಲ್ಲಬಹುದು. ಕೊಲ್ಲೋಣ ಅಂದರೆ ಇವನು ಮೇಷ್ಟ್ರು. ಮೇಷ್ಟ್ರ ಬುದ್ಧಿ ಬಿಡುತ್ತದೆಯೇ? ಹಾಳೆ ತೆಗೆದು ಎರಡು ಕಾಲಂ ಹಾಕಿ, ಬಿಡುವುದಕ್ಕೆ ಕಾರಣ, ಕೊಲ್ಲುವುದಕ್ಕೆ ಕಾರಣ ಅಂತ ಪಟ್ಟಿ ಮಾಡುತ್ತಾನೆ.

ಕೈದಿಗೆ ಊಟ ಅಂತ ಸ್ಯಾಂಡ್‌ವಿಚ್ ಮಾಡಿ ತಟ್ಟೆಯಲ್ಲಿಟ್ಟು ತರುವಾಗ ಕೆಮ್ಮು ಹತ್ತಿ ವಾಲ್ಟ್ ಕುಸಿದು ಬೀಳುತ್ತಾನೆ. ತಟ್ಟೆ ಒಡೆಯುತ್ತದೆ. ಎಚ್ಚರವಾದ ಮೇಲೆ ಚೂರುಗಳನ್ನು ಬಾಚಿ ಕಸದ ಬುಟ್ಟಿಗೆ ಹಾಕುತ್ತಾನೆ. ಆಮೇಲೆ ಅವನೂ ಕೈದಿಯೂ ಬಿಯರ್ ಕುಡಿಯುತ್ತಾ ಮಾತಿಗೆ ಕೂರುತ್ತಾರೆ. ಕೈದಿಯ ಅಪ್ಪನದು ಫರ್ನಿಚರ್ ಅಂಗಡಿ. ವಾಲ್ಟ್ ತನ್ನ ಮಗನ ತೊಟ್ಟಿಲು ತಂದದ್ದೂ ಅಲ್ಲಿಂದಲೇ. ಮನಸ್ಸು ಕರಗುತ್ತದೆ. ಬಿಟ್ಟುಬಿಡೋಣ ಅಂತ ಬೀಗದ ಕೀ ತರಲು ಮೇಲೆ ಬರುತ್ತಾನೆ. ಬಿಯರ್ ಕ್ಯಾನ್ ಎಸೆಯಲು ಹೋದಾಗ ಬುಟ್ಟಿಯಲ್ಲಿ ತಟ್ಟೆಯ ಚೂರುಗಳು ಕಣ್ಣಿಗೆ ಬೀಳುತ್ತವೆ. ಅವನ್ನು ಎತ್ತಿ ಒಂದೊಂದಾಗಿ ಜೋಡಿಸುತ್ತಾನೆ. ತಟ್ಟೆ ಪೂರ್ತಿಯಾಗುವುದಿಲ್ಲ. ಒಂದು ಚೂರು ಇಲ್ಲ. ಉದ್ದಕ್ಕೆ, ಚೂಪಾಗಿ, ಚಾಕುವಿನ ಅಳತೆಯದು.

ಈಗ ಅಟ್ಟಗಳನ್ನು ತುಂಬಿಸಿ. ದೃಶ್ಯದ ಪ್ರಶ್ನೆ: ಆ ಚೂರು ಎಲ್ಲಿದೆ? ಎಪಿಸೋಡಿನದು: ಕೊಲ್ಲುತ್ತಾನಾ, ಬಿಡುತ್ತಾನಾ? ಸೀಸನ್ನಿನದು: ಕ್ಯಾನ್ಸರ್ ವಿಷಯ, ಡ್ರಗ್ಸ್ ತಯಾರಿಸುವ ವಿಷಯ ಮನೆಯಲ್ಲಿ ಎಷ್ಟು ದಿನ ಮುಚ್ಚಿಡಬಹುದು? ಮನೆಯಲ್ಲಿ ಬೇರೆ ಷಡ್ಡಕ ಇದ್ದಾನೆ, ಡ್ರಗ್ಸ್ ನಿಗ್ರಹ ಇಲಾಖೆಯ ಅಧಿಕಾರಿ. ಇಡೀ ಸರಣಿಯದು ನಿಮಗೆ ಗೊತ್ತೇ ಇದೆ, ಮೊದಲ ಪುಟದಲ್ಲಿ ಬರೆದಿದ್ದೀರಿ. ಒಂದು ತಟ್ಟೆಯ ಚೂರು ನಾಲ್ಕು ಅಟ್ಟವನ್ನೂ ಒಟ್ಟಿಗೆ ಅಲುಗಾಡಿಸುತ್ತದೆ. ಅಡುಗೆಮನೆಯಲ್ಲಿ ಒಬ್ಬ ಗಂಡಸು ಪಿಂಗಾಣಿ ಜೋಡಿಸುವುದನ್ನು ನಾವು ಉಸಿರು ಹಿಡಿದು ನೋಡುವುದು ಅದಕ್ಕೇ.

ಇನ್ನೊಂದು ವಿಷಯ ನೋಡಿ. ಅದೇ ಎಪಿಸೋಡಿನ ಶುರುವಿನಲ್ಲಿ ಹಳೆಯ ದಿನದ ಒಂದು ನೆನಪು ಬರುತ್ತದೆ. ಯುವಕ ವಾಲ್ಟ್ ಮತ್ತು ಒಬ್ಬ ಗೆಳತಿ ಬೋರ್ಡಿನ ಮೇಲೆ ಮನುಷ್ಯನ ದೇಹದಲ್ಲಿ ಯಾವ ಮೂಲವಸ್ತು ಎಷ್ಟಿದೆ ಅಂತ ಲೆಕ್ಕ ಹಾಕುತ್ತಾರೆ. ಹೈಡ್ರೋಜನ್ 63, ಆಮ್ಲಜನಕ 26, ಇಂಗಾಲ 9, ಹೀಗೆ ಶೇಕಡಾವಾರು ಕೂಡಿಸುತ್ತಾ ಹೋದರೆ ನೂರು ಬರುವುದಿಲ್ಲ, ಚೂರು ಕಮ್ಮಿ ಬೀಳುತ್ತದೆ. ಲೆಕ್ಕದಲ್ಲೂ ಒಂದು ಚೂರು ಇಲ್ಲ, ತಟ್ಟೆಯಲ್ಲೂ ಒಂದು ಚೂರು ಇಲ್ಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫೋನ್ ಪಕ್ಕದ ಕೋಣೆಯಲ್ಲಿರಲಿ ಅಂದದ್ದು ಇದಕ್ಕೇ.

ಸಾಮಾನ್ಯ ತಪ್ಪು: ಸೀಸನ್ನಿನ ಪ್ರಶ್ನೆಗೆ ಎಪಿಸೋಡಿನಲ್ಲೇ ಉತ್ತರ ಕೇಳುವುದು. "ಮೂರು ಎಪಿಸೋಡ್ ಆಯ್ತು, ಇನ್ನೂ ಹೆಂಡತಿಗೆ ಹೇಳೇ ಇಲ್ಲ" ಅಂತ ಸಿಟ್ಟಾಗುವವರು ತಪ್ಪು ಅಟ್ಟದಲ್ಲಿ ಹುಡುಕುತ್ತಿದ್ದಾರೆ. ಆ ಎಪಿಸೋಡ್ ತನ್ನ ಪ್ರಶ್ನೆಗೆ ಉತ್ತರ ಕೊಟ್ಟಿತಾ ನೋಡಿ. ಕೊಟ್ಟಿದ್ದರೆ ಲೆಕ್ಕ ಚುಕ್ತಾ.

ಹಂತ 4: ಕಪ್ಪಾಗುವ ಪರದೆಯನ್ನು ಗಮನಿಸಿ

ಟೈಟಲ್‌ಗೆ ಮುಂಚೆ ಬರುವ ತುಣುಕನ್ನು ಟೀಸರ್ ಅಥವಾ ಕೋಲ್ಡ್ ಓಪನ್ ಅನ್ನುತ್ತಾರೆ. ಪೀಠಿಕೆ ಇಲ್ಲದೆ ನೇರವಾಗಿ ಕಥೆಗೆ ಧುಮುಕುವ ದೃಶ್ಯ. ಅದು ಮುಗಿದು, ಹಸಿರು ಪೆಟ್ಟಿಗೆಗಳಲ್ಲಿ ಬ್ರೋಮಿನ್ 35, ಬೇರಿಯಂ 56 ಅಂತ ಮೂಲವಸ್ತುಗಳ ಚಿಹ್ನೆ ತೋರಿಸುವ ಟೈಟಲ್ ಬರುತ್ತದೆ. ಆಮೇಲೆ ಕಥೆ ನಾಲ್ಕು ಅಂಕ. ಟಿವಿಯಲ್ಲಿ ಬಂದಾಗ ಒಂದೊಂದು ಅಂಕದ ಕೊನೆಗೂ ಜಾಹೀರಾತು ಇತ್ತು. ಈಗ ನೆಟ್‌ಫ್ಲಿಕ್ಸ್‌ನಲ್ಲಿ ನೋಡುವಾಗ ಜಾಹೀರಾತು ಇಲ್ಲ, ಪರದೆ ಒಂದು ಕ್ಷಣ ಕಪ್ಪಾಗುವುದು ಮಾತ್ರ ಉಳಿದಿದೆ.

ಆ ಕಪ್ಪು ಬಂದಾಗಲೆಲ್ಲ ಮನಸ್ಸಿನಲ್ಲೇ ಕೇಳಿಕೊಳ್ಳಿ: ಈ ಹತ್ತು ನಿಮಿಷದಲ್ಲಿ ಏನು ಬದಲಾಯ್ತು? ಮೊದಲಿಗಿಂತ ಇಕ್ಕಟ್ಟು ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ? ಏನೂ ಬದಲಾಗಿಲ್ಲ ಅನ್ನಿಸಿದರೆ ಒಂದೋ ನೀವು ಏನೋ ತಪ್ಪಿಸಿಕೊಂಡಿದ್ದೀರಿ, ಇಲ್ಲವೇ ಬರೆದವರು ಎಳೆದಿದ್ದಾರೆ. ಹತ್ತು ನಿಮಿಷ ಹಿಂದಕ್ಕೆ ಹೋಗಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಟೀಸರ್ ದಾಟಿಸಬೇಡಿ. "ಸ್ಕಿಪ್" ಒತ್ತುವ ಕೈ ಅಭ್ಯಾಸಬಲದಿಂದ ಅದನ್ನೂ ಹಾರಿಸಿಬಿಡುತ್ತದೆ. ಈ ಸರಣಿಯಲ್ಲಿ ಅತ್ಯಂತ ರುಚಿಯಾದ ತುತ್ತು ಅಲ್ಲೇ ಇರುವುದು.

ಹಂತ 5: ಬಿತ್ತನೆಗೆ ಗುರುತು ಹಾಕಿ, ಕೊಯ್ಲಿಗೆ ಕಾಯಿರಿ

ಚಿತ್ರಕಥೆ ಬರೆಯುವವರು ಪ್ಲಾಂಟ್, ಪೇಆಫ್ ಅಂತಾರೆ. ನಮ್ಮ ಮಾತಲ್ಲಿ ಬಿತ್ತನೆ, ಕೊಯ್ಲು. ಒಂದು ವಸ್ತುವನ್ನು ಯಾರಿಗೂ ಅನುಮಾನ ಬಾರದ ಹಾಗೆ ತೋರಿಸಿ, ಮುಂದೆ ಎಂದೋ ಅದರಿಂದ ಬೆಳೆ ತೆಗೆಯುವುದು.

ಪೈಲಟ್‌ನಲ್ಲಿ ವಾಲ್ಟ್‌ನ 50ನೇ ಹುಟ್ಟುಹಬ್ಬ. ತಿಂಡಿ ತಟ್ಟೆಯಲ್ಲಿ ಹೆಂಡತಿ ಬೇಕನ್ ಪಟ್ಟಿಗಳನ್ನು ಮುರಿದು 50 ಅಂತ ಅಂಕಿ ಮಾಡಿಟ್ಟಿರುತ್ತಾಳೆ. ಮಧ್ಯಮ ವರ್ಗದ ಮನೆಯ ಪುಟ್ಟ ಪ್ರೀತಿ. ಐದನೇ ಸೀಸನ್ನಿನಲ್ಲಿ 51ನೇ ಹುಟ್ಟುಹಬ್ಬ ಬರುತ್ತದೆ. ಈ ಸಲ ಅಂಕಿ ಮಾಡು ಅಂತ ಮಗ ನೆನಪಿಸಬೇಕಾಗುತ್ತದೆ. ಅವಳು ಮುರಿಯುವ ರೀತಿ ನೋಡಿ ಸಾಕು, ಆ ಮನೆಯಲ್ಲಿ ಏನು ಉಳಿದಿದೆ ಅಂತ ಗೊತ್ತಾಗುತ್ತದೆ. ಅದೇ ಸೀಸನ್ನಿನ ಮೊಟ್ಟಮೊದಲ ಟೀಸರ್‌ನಲ್ಲಿ ಗಡ್ಡ, ತಲೆತುಂಬ ಕೂದಲು ಬಿಟ್ಟ ವಾಲ್ಟ್ ಯಾವುದೋ ಹೋಟೆಲಿನಲ್ಲಿ ಒಬ್ಬನೇ ಕೂತು ತನ್ನ ತಟ್ಟೆಯ ಬೇಕನ್ ಮುರಿದು 52 ಅಂತ ತಾನೇ ಜೋಡಿಸಿಕೊಳ್ಳುತ್ತಾನೆ. ಮೂರು ತಟ್ಟೆ, ಎರಡು ವರ್ಷ. ಮಾತು ಬೇಕಾಗಿಲ್ಲ.

ಗಮನಿಸಿದಿರಾ? 52 ಬಂದದ್ದು 51ಕ್ಕಿಂತ ಮೊದಲು. ಅಂದರೆ ಮುಂದೆ ಆಗುವುದನ್ನು ಮೊದಲೇ ತೋರಿಸಿ, ಅಲ್ಲಿಗೆ ಹೇಗೆ ಬಂದ ಅಂತ ಕಾಯಿಸುತ್ತಾರೆ. ಇದನ್ನು ಫ್ಲ್ಯಾಶ್ ಫಾರ್ವರ್ಡ್ ಅನ್ನುತ್ತಾರೆ. ಆ ಟೀಸರ್‌ನಲ್ಲೇ ಅವನು ಒಂದು ಕಾರಿನ ಡಿಕ್ಕಿ ತೆರೆಯುತ್ತಾನೆ, ಒಳಗೆ ದೊಡ್ಡ ಮಷಿನ್ ಗನ್. ಪ್ರಸಾರವಾದದ್ದು 2012ರ ಜುಲೈನಲ್ಲಿ. ಆ ಗನ್ ಯಾಕೆ ಅಂತ ಜನರಿಗೆ ಗೊತ್ತಾದದ್ದು 2013ರ ಸೆಪ್ಟೆಂಬರ್‌ನಲ್ಲಿ, ಕೊನೆಯ ಎಪಿಸೋಡಿನಲ್ಲಿ. ತಮಾಷೆ ಅಂದರೆ ಡಿಕ್ಕಿಯಲ್ಲಿ ಗನ್ ಇಟ್ಟಾಗ ಅದರಿಂದ ಏನು ಮಾಡಿಸಬೇಕು ಅಂತ ಬರೆಯುವವರಿಗೇ ಗೊತ್ತಿರಲಿಲ್ಲ. ಸರಣಿಯ ಸೃಷ್ಟಿಕರ್ತ ವಿನ್ಸ್ ಗಿಲ್ಲಿಗನ್ ಇದನ್ನು ಆಮೇಲೆ ಒಪ್ಪಿಕೊಂಡರು. ಬಿತ್ತಿದ ಮೇಲೆ ಬೆಳೆ ತೆಗೆಯಲೇಬೇಕಲ್ಲ, ತೆಗೆದರು.

ಎರಡನೇ ಸೀಸನ್ ಇನ್ನೂ ಗಟ್ಟಿ ಉದಾಹರಣೆ. ಮೊದಲ ಎಪಿಸೋಡು ಕಪ್ಪು ಬಿಳುಪಿನಲ್ಲಿ ಶುರುವಾಗುತ್ತದೆ. ಈಜುಕೊಳದಲ್ಲಿ ಒಂದು ಟೆಡ್ಡಿ ಬೇರ್ ತೇಲುತ್ತಿದೆ. ಆ ಗೊಂಬೆ ಮಾತ್ರ ಗುಲಾಬಿ ಬಣ್ಣ. 4, 10, 13ನೇ ಎಪಿಸೋಡುಗಳಲ್ಲಿ ಆ ನೋಟ ಮತ್ತೆ ಬರುತ್ತದೆ, ಪ್ರತಿ ಸಲ ಸ್ವಲ್ಪ ಜಾಸ್ತಿ ಕಾಣಿಸುತ್ತದೆ. 2009ರ ಮಾರ್ಚ್‌ನಿಂದ ಮೇ ಕೊನೆಯವರೆಗೆ ವಾರಕ್ಕೊಂದರಂತೆ ನೋಡಿದವರು ಸುಮಾರು ಮೂರು ತಿಂಗಳು ಆ ಗೊಂಬೆ ಹೊತ್ತು ತಿರುಗಿದರು. ಸೀಸನ್ ಮುಗಿದ ಮೇಲೆ ಈ ನಾಲ್ಕು ಎಪಿಸೋಡುಗಳ ಇಂಗ್ಲಿಷ್ ಶೀರ್ಷಿಕೆಗಳನ್ನು ಸಾಲಾಗಿ ಓದಿ. ಮುಗಿದ ಮೇಲೆ ಮಾತ್ರ. ಮೊದಲೇ ಓದಿದರೆ ನನ್ನನ್ನು ಬೈಬೇಡಿ.

ನೋಟ್‌ಬುಕ್‌ನಲ್ಲಿ ಒಂದು ಪುಟ ಬಿತ್ತನೆಗೇ ಇಡಿ. ಕ್ಯಾಮೆರಾ ಅನಗತ್ಯವಾಗಿ ಒಂದು ವಸ್ತುವಿನ ಮೇಲೆ ನಿಂತಿತು ಅನ್ನಿಸಿದರೆ ಬರೆದುಕೊಳ್ಳಿ. ಎಲ್ಲ ಬರೆಯಲು ಹೋಗಬೇಡಿ, ಎಪಿಸೋಡಿಗೆ ಒಂದೋ ಎರಡೋ. ಪತ್ತೇದಾರಿಕೆ ಜಾಸ್ತಿಯಾದರೆ ಪಾತ್ರಗಳ ಮುಖ ನೋಡುವುದೇ ಮರೆತುಹೋಗುತ್ತದೆ.

ಹಂತ 6: ನಿಧಾನದ ಎಪಿಸೋಡ್ ಬಂದರೆ ಪ್ರಶ್ನೆ ಬದಲಿಸಿ

ಮೂರನೇ ಸೀಸನ್ನಿನ 10ನೇ ಎಪಿಸೋಡ್. ಹೆಚ್ಚುಕಮ್ಮಿ ಪೂರ್ತಿ ಒಂದೇ ಲ್ಯಾಬಿನೊಳಗೆ ಇಬ್ಬರು ಒಂದು ನೊಣ ಹಿಡಿಯುತ್ತಾರೆ. ಅಷ್ಟೇ. ಇದಕ್ಕೆ ಬಾಟಲ್ ಎಪಿಸೋಡ್ ಅಂತ ಹೆಸರು. ಒಂದೇ ಸೆಟ್ಟು, ಕೆಲವೇ ನಟರು, ಶೀಶೆಯೊಳಗೆ ಮುಚ್ಚಿಟ್ಟ ಹಾಗೆ. ಸೀಸನ್ನಿನ ದುಡ್ಡು ಉಳಿಸಲು ಮಾಡುವ ಉಪಾಯ, ಇದನ್ನೂ ಅದಕ್ಕೇ ಮಾಡಿದ್ದು. ಜನ ಇದನ್ನು ಎರಡು ಪಕ್ಷ ಮಾಡಿಕೊಂಡು ಜಗಳವಾಡುತ್ತಾರೆ.

ಇಲ್ಲಿ "ಮುಂದೇನು?" ಅಂತ ಕೇಳಿದರೆ ಆಕಳಿಕೆ ಗ್ಯಾರಂಟಿ. "ಇವನಿಗೆ ಏನು ಗೊತ್ತು, ಅವನಿಗೆ ಏನು ಗೊತ್ತಿಲ್ಲ?" ಅಂತ ಕೇಳಿ. ವಾಲ್ಟ್‌ನ ಹೊಟ್ಟೆಯೊಳಗೆ ಒಂದು ಗುಟ್ಟಿದೆ. ನಮಗೆ ಗೊತ್ತು, ಜೆಸ್ಸಿಗೆ ಗೊತ್ತಿಲ್ಲ. ಕಾಫಿಯಲ್ಲಿ ಬೆರೆಸಿದ ನಿದ್ದೆ ಮಾತ್ರೆಯಿಂದ ವಾಲ್ಟ್‌ಗೆ ಮಂಪರು ಏರುತ್ತಿದೆ. ಜೆಸ್ಸಿ ಏಣಿಯ ತುದಿಯಲ್ಲಿ ನೊಣಕ್ಕೆ ಕೈಚಾಚಿದ್ದಾನೆ. ವಾಲ್ಟ್ ಕೆಳಗೆ ಏಣಿ ಹಿಡಿದುಕೊಂಡು ತೊದಲುತ್ತಾ ಮಾತಾಡುತ್ತಿದ್ದಾನೆ. ಒಂದು ವಾಕ್ಯ ಜಾಸ್ತಿ ಬಂದರೆ ಎಲ್ಲ ಮುಗಿಯಿತು. ಇಡೀ ಸರಣಿಯಲ್ಲಿ ನನಗೆ ಅತಿ ಹೆಚ್ಚು ಎದೆ ಹೊಡೆದುಕೊಂಡ ದೃಶ್ಯಗಳಲ್ಲಿ ಇದೂ ಒಂದು. ಒಂದೂ ಗುಂಡು ಹಾರುವುದಿಲ್ಲ.

ಎಲ್ಲ ನಿಧಾನವೂ ಹೀಗಿರುತ್ತದೆ ಅಂತಲ್ಲ. ಬರೀ ಜಾಗ ತುಂಬಿಸುವ ಎಪಿಸೋಡುಗಳೂ ಇರುತ್ತವೆ, ಅವಕ್ಕೆ ಫಿಲ್ಲರ್ ಅನ್ನುತ್ತಾರೆ. ವ್ಯತ್ಯಾಸ ಹಿಡಿಯುವುದು ಹೀಗೆ: ಆ ಎಪಿಸೋಡನ್ನು ಕಿತ್ತು ಹಾಕಿದರೆ ಇಬ್ಬರು ಪಾತ್ರಗಳ ನಡುವಿನ ಸಂಬಂಧ ಮುಂಚಿನಂತೆಯೇ ಇರುತ್ತದಾ? ಇರುತ್ತದೆ ಅಂದರೆ ಫಿಲ್ಲರ್.

ಹಂತ 7: ದಿನಕ್ಕೆ ಎಷ್ಟು?

ಒಂದು, ಹೆಚ್ಚೆಂದರೆ ಎರಡು. ಇದು ನನ್ನ ಲೆಕ್ಕ.

ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದೇ ಸರಣಿಯನ್ನು ಒಂದು ಗುಂಪು ಒಂದೇ ಕೂತಿನಲ್ಲಿ, ಇನ್ನೊಂದು ದಿನಕ್ಕೊಂದರಂತೆ, ಮತ್ತೊಂದು ವಾರಕ್ಕೊಂದರಂತೆ ನೋಡಿತು. ಒಟ್ಟಿಗೆ ನೋಡಿದವರಿಗೆ ಮರುದಿನ ಚೆನ್ನಾಗಿ ನೆನಪಿತ್ತು, ಆಮೇಲೆ ಬೇಗ ಮರೆತರು. ಖುಷಿಪಟ್ಟದ್ದೂ ಕಮ್ಮಿ ಅಂತ ಅವರೇ ಹೇಳಿಕೊಂಡರು. ಸಣ್ಣ ಪ್ರಯೋಗ, ವೇದವಾಕ್ಯ ಅಲ್ಲ. ಆದರೂ ನನ್ನ ಅನುಭವಕ್ಕೆ ಹೊಂದುತ್ತದೆ. ಕಾಯಿಸಲೆಂದೇ ಕಟ್ಟಿದ ಕಥೆಯನ್ನು ಕಾಯದೆ ನೋಡಿದರೆ ಉಪ್ಪಿನಕಾಯಿಯನ್ನು ಹಾಕಿದ ದಿನವೇ ತಿಂದ ಹಾಗೆ.

ಮಾಡಬೇಕಾದ್ದು: ಬ್ರೌಸರ್‌ನಲ್ಲಿ ನಿಮ್ಮ ನೆಟ್‌ಫ್ಲಿಕ್ಸ್ ಖಾತೆ ತೆರೆದು, ಪ್ರೊಫೈಲ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ, ಮುಂದಿನ ಎಪಿಸೋಡ್ ತಾನಾಗಿ ಶುರುವಾಗುವ ಆಟೋಪ್ಲೇ ಆಯ್ಕೆಯ ಟಿಕ್ ತೆಗೆದುಬಿಡಿ. ಎಪಿಸೋಡಿನ ಕೊನೆಗೆ ಬೇಕಂತಲೇ ಕ್ಲಿಫ್‌ಹ್ಯಾಂಗರ್ ಇಡುತ್ತಾರೆ. ಅಂದರೆ ಪಾತ್ರವನ್ನು ಬಂಡೆಯ ಅಂಚಿನಲ್ಲಿ ನೇತಾಡಿಸಿ ಇವತ್ತಿಗೆ ಮುಗಿಯಿತು ಅನ್ನುವುದು. ಅದನ್ನು ತಡೆಯೋಕಾಗದೆ ನಿದ್ದೆ ಬರುವುದಿಲ್ಲ ಅನ್ನುವವರು ಮುಂದಿನ ಎಪಿಸೋಡಿನ ಟೀಸರ್ ಮಾತ್ರ ನೋಡಿ ಟೈಟಲ್ ಬಂದಾಗ ನಿಲ್ಲಿಸಿ. ಈ ಸರಣಿಯಲ್ಲಿ ಅದೂ ಕೆಲವು ಸಲ ಕೈಕೊಡುತ್ತದೆ. ಟೀಸರ್ ಎತ್ತಲಿಂದಲೋ ಶುರುವಾಗಿ ತಲೆ ಇನ್ನಷ್ಟು ಕೆಡಿಸುತ್ತದೆ.

1.5 ವೇಗದಲ್ಲಿ ನೋಡುವವರಿಗೆ ನನ್ನ ಹತ್ತಿರ ಹೇಳಲು ಏನೂ ಇಲ್ಲ.

ಹಂತ 8: ಕೊನೆ ಗೊತ್ತಾಗಿಬಿಟ್ಟರೆ ಗಾಬರಿ ಬೇಡ

ಯಕ್ಷಗಾನದ ಕರ್ಣಾರ್ಜುನ ಕಾಳಗ ನೋಡಲು ಬಯಲಿನಲ್ಲಿ ಕೂತವರಲ್ಲಿ ಕರ್ಣ ಉಳಿಯುತ್ತಾನೆ ಅಂತ ಕಾದು ಕೂತವರು ಯಾರಿದ್ದಾರೆ? ಕಥೆ ಪೂರ್ತಿ ಗೊತ್ತಿದ್ದೇ ರಾತ್ರಿಯಿಡೀ ಕೂರುತ್ತಾರೆ. ಇವತ್ತಿನ ವೇಷಧಾರಿ ಕರ್ಣನ ಬಾಯಲ್ಲಿ ಏನು ಹೇಳಿಸುತ್ತಾನೆ, ಶಲ್ಯ ರಥ ಬಿಟ್ಟು ಇಳಿಯುವಾಗ ಮಾತು ಎಲ್ಲಿಗೆ ಹೋಗುತ್ತದೆ, ಅದು ಬೇಕು ಅವರಿಗೆ. "ಏನಾಗುತ್ತದೆ" ಹೋದರೆ "ಹೇಗಾಗುತ್ತದೆ" ಉಳಿಯುತ್ತದೆ.

ಹಾಗಂತ ಸ್ಪಾಯ್ಲರ್, ಅಂದರೆ ಕಥೆಯ ಗುಟ್ಟನ್ನು ಮೊದಲೇ ಬಯಲು ಮಾಡುವ ಮಾತು, ಹುಡುಕಿಕೊಂಡು ಹೋಗಬೇಡಿ. ದೃಶ್ಯದ ಪ್ರಶ್ನೆಗೂ ಎಪಿಸೋಡಿನ ಪ್ರಶ್ನೆಗೂ ಸ್ಪಾಯ್ಲರ್ ನಿಜವಾಗಿ ಪೆಟ್ಟು ಕೊಡುತ್ತದೆ. ಸರಣಿಯ ಪ್ರಶ್ನೆಗೆ ಅಷ್ಟಾಗಿ ಕೊಡುವುದಿಲ್ಲ. ಯೂಟ್ಯೂಬ್‌ನಲ್ಲಿ ಆ ಸೀರೀಸ್ ಹೆಸರು ಹುಡುಕಬೇಡಿ, ಥಂಬ್‌ನೇಲ್‌ನಲ್ಲೇ ಹೆಣ ತೋರಿಸುತ್ತಾರೆ. ಪಾತ್ರದ ಹೆಸರನ್ನು ಗೂಗಲ್‌ನಲ್ಲಿ ಟೈಪ್ ಮಾಡುವುದೂ ಬೇಡ. ಅದು ಕೊಡುವ ಸಲಹೆಗಳ ಸಾಲಿನಲ್ಲಿ "ಸಾವು" ಅಂತ ಬಂದರೆ ಮುಗಿಯಿತು.

ಹಂತ 9: ಬಿಡುವುದು ಯಾವಾಗ?

ನಿಮ್ಮ ನೋಟ್‌ಬುಕ್ಕೇ ಹೇಳುತ್ತದೆ. ನಾಲ್ಕು ಎಪಿಸೋಡ್ ಆದ ಮೇಲೆ ಪುಟ ತೆಗೆಯಿರಿ. ಪ್ರಶ್ನೆಗಳು ಬರೆದಿವೆ, ಟಿಕ್‌ಗಳೂ ಬಿದ್ದಿವೆ, ಆದರೂ ನಿಮಗೆ ಬೇಡ ಅನ್ನಿಸಿದರೆ ಕಥೆ ಚೆನ್ನಾಗಿದೆ, ನಿಮ್ಮ ರುಚಿ ಬೇರೆ. ಧಾರಾಳವಾಗಿ ಬಿಡಿ, ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಪ್ರಶ್ನೆಗಳು ರಾಶಿ ಬಿದ್ದಿವೆ, ಒಂದಕ್ಕೂ ಟಿಕ್ ಬಿದ್ದಿಲ್ಲ ಅಂದರೆ ಬರೆದವರು ಸಾಲ ಮಾಡುತ್ತಾ ಹೋಗುತ್ತಿದ್ದಾರೆ, ತೀರಿಸುವ ಯೋಚನೆ ಇಲ್ಲ. ಆಗಲೂ ಬಿಡಿ. ಪುಟ ಖಾಲಿ ಇದ್ದರೆ ಮಾತ್ರ ಒಂದು ಸಲ ನಿಮ್ಮನ್ನೇ ಕೇಳಿಕೊಳ್ಳಿ, ಫೋನ್ ಎಲ್ಲಿತ್ತು ಅಂತ.

ಬ್ರೇಕಿಂಗ್ ಬ್ಯಾಡ್‌ಗೆ ಮಾತ್ರ ಒಂದು ರಿಯಾಯಿತಿ ಕೊಡಿ. ಮೊದಲ ಸೀಸನ್ 7 ಎಪಿಸೋಡಿಗೇ ಥಟ್ಟನೆ ನಿಂತ ಹಾಗೆ ಅನ್ನಿಸುತ್ತದೆ. ನಿಜವಾಗಿಯೂ ನಿಂತದ್ದೇ. 2007ರ ಕೊನೆಯಿಂದ 2008ರ ಶುರುವಿನವರೆಗೆ ಅಮೆರಿಕದ ಚಿತ್ರಕಥೆ ಬರಹಗಾರರು ಮುಷ್ಕರ ಹೂಡಿದ್ದರು, ಯೋಚಿಸಿದ್ದ 9ರಲ್ಲಿ ಎರಡು ಎಪಿಸೋಡ್ ಬರಲೇ ಇಲ್ಲ. ಆ ಸೀಸನ್ನಿನ ಕೊನೆ ನೋಡಿ ಅಳೆಯಬೇಡಿ, ಎರಡನೆಯದರ ಮೊದಲ ಎಪಿಸೋಡಿನವರೆಗೆ ಹೋಗಿ.

ಹಂತ 10: ಮುಗಿದ ಮೇಲೆ ಮತ್ತೆ ಪೈಲಟ್

62 ಮುಗಿದ ವಾರದಲ್ಲೇ ಮೊದಲ ಎಪಿಸೋಡನ್ನು ಇನ್ನೊಮ್ಮೆ ನೋಡಿ. ಈ ಸಲ ನೋಟ್‌ಬುಕ್ ಬೇಡ. ಅದೇ ಮನೆ, ಅದೇ ಬೇಕನ್, ಅದೇ ಕಾರು ತೊಳೆಯುವ ಅಂಗಡಿ. ಪ್ರತಿಯೊಂದೂ ಬೇರೆಯಾಗಿ ಕಾಣುತ್ತದೆ.

ಅದಾದ ಮೇಲೆ ಐದನೇ ಸೀಸನ್ನಿನ 14ನೆಯದು, ಅಂದರೆ ಒಟ್ಟು ಲೆಕ್ಕದಲ್ಲಿ 60ನೇ ಎಪಿಸೋಡ್ ಹಾಕಿ, ವಾಲ್ಟ್ ಮರುಭೂಮಿಯಲ್ಲಿ ಒಂದು ಡ್ರಮ್ ಉರುಳಿಸಿಕೊಂಡು ಹೋಗುವ ದೃಶ್ಯಕ್ಕೆ ಬನ್ನಿ. ಅವನನ್ನು ನೋಡಬೇಡಿ. ಅವನು ದಾಟಿಹೋಗುವ ನೆಲ ನೋಡಿ. ಅಲ್ಲಿ ಒಂದು ಹಳೆಯ ಪ್ಯಾಂಟ್ ಬಿದ್ದಿದೆ.